ಕ್ಯಾಬಿನೆಟ್ ಆಫ್ ಕ್ಯೂರಿಯಾಸಿಟೀಸ್: ಎಂಟರಲ್ಲಿ ನಿಮ್ಮನ್ನು ನಿಜವಾಗಿ ಹೆದರಿಸಿದ ಎಪಿಸೋಡ್ ಯಾವುದು? (ಕಥೆಯ ಕೊನೆ ಗೊತ್ತಾಗುತ್ತದೆ, ನೋಡದವರು ಎಚ್ಚರ)

ಸಂಜೆಮಳೆ:
ಸಿನಿಮಾ ನಿರ್ದೇಶಕ ಗಿಯೆರ್ಮೊ ಡೆಲ್ ಟೋರೊ ಅವರ ಹಾರರ್ ಸರಣಿ ‘ಕ್ಯಾಬಿನೆಟ್ ಆಫ್ ಕ್ಯೂರಿಯಾಸಿಟೀಸ್’ ನಿನ್ನೆ ರಾತ್ರಿ ನೋಡಿ ಮುಗಿಸಿದೆ. ನೆಟ್‌ಫ್ಲಿಕ್ಸ್‌ಗೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಎಂಟು ಎಪಿಸೋಡ್, ಎಂಟು ನಿರ್ದೇಶಕರು. ಒಂದರ ಕಥೆಗೂ ಇನ್ನೊಂದರ ಕಥೆಗೂ ಸಂಬಂಧ ಇಲ್ಲ. ಪ್ರತಿ ಸಲ ಡೆಲ್ ಟೋರೊ ಬರುತ್ತಾರೆ, ಆ ದೊಡ್ಡ ಮರದ ಕಪಾಟಿನಿಂದ ಒಂದು ವಸ್ತು ತೆಗೆದು ತೋರಿಸುತ್ತಾರೆ, ನಿರ್ದೇಶಕರ ಪುಟ್ಟ ಗೊಂಬೆಯೊಂದನ್ನು ಇಡುತ್ತಾರೆ, ಕಥೆ ಶುರು.

ನನಗೆ ತುಂಬಾ ಇಷ್ಟವಾಯಿತು. ಆದರೆ ನನ್ನ ಮಾತು ಕೇಳಿ ನೋಡಲು ಕೂತ ಗೆಳತಿಯರೆಲ್ಲ ಎರಡನೇ ಎಪಿಸೋಡಿಗೇ ಬಿಟ್ಟುಬಿಟ್ಟಿದ್ದಾರೆ. ‘ಎರಡೂ ಒಂದೇ ಕಥೆ ಕಣೇ’ ಅಂತಾರೆ. ಅವರು ಹೇಳುವುದೂ ನಿಜವೇ. ‘ಲಾಟ್ 36’ರಲ್ಲಿ ಸಾಲ ಮೈಮೇಲೆ ಹಾಕಿಕೊಂಡ ಒಬ್ಬ ಸಿಡುಕ ಇದ್ದಾನೆ. ಬೇರೆಯವರ ಸಾಮಾನು ಹರಾಜಿನಲ್ಲಿ ಕೊಂಡು ಮಾರುತ್ತಾನೆ. ‘ಗ್ರೇವ್‌ಯಾರ್ಡ್ ರ‍್ಯಾಟ್ಸ್’ನಲ್ಲಿ ಸಾಲ ಮಾಡಿಕೊಂಡ ಇನ್ನೊಬ್ಬ, ಹೆಣದ ಮೈಮೇಲಿನ ಒಡವೆ ಕದಿಯುತ್ತಾನೆ. ಇಬ್ಬರಿಗೂ ದುರಾಸೆ. ಇಬ್ಬರೂ ಒಂದು ಸುರಂಗ ಹೊಗುತ್ತಾರೆ. ಒಳಗೆ ಭಯಂಕರವಾದದ್ದೇನೋ ಕಾದಿರುತ್ತದೆ. ಇದನ್ನೇ ಬೆನ್ನುಬೆನ್ನಿಗೆ ಇಟ್ಟರೆ ಹೇಗೆ?

ಅದಕ್ಕೇ ಕೇಳ್ತಿದ್ದೀನಿ. ಹೊಸಬರಿಗೆ ಯಾವ ಕ್ರಮದಲ್ಲಿ ತೋರಿಸಬೇಕು? ನಿಮ್ಮನ್ನು ಹೆದರಿಸಿದ್ದು ಯಾವುದು? ನನ್ನ ಆಯ್ಕೆ ‘ದಿ ಆಟಾಪ್ಸಿ’. ಅತ್ತದ್ದು ಮಾತ್ರ ‘ದಿ ಮರ್ಮರಿಂಗ್’ ನೋಡಿ.

ಗಿರ್ಮಿಟ್:
ಆಟಾಪ್ಸಿ. ಎರಡನೇ ಮಾತೇ ಇಲ್ಲ.

ಹಳೇಟೇಪು:
ಕ್ರಮದ ಬಗ್ಗೆ ಒಂದು ಮಾತು. ಇದು ಒಟ್ಟಿಗೆ ಬಂದದ್ದಲ್ಲ. ಅಕ್ಟೋಬರ್ 25ರಿಂದ 28ರವರೆಗೆ ದಿನಕ್ಕೆ ಎರಡರಂತೆ ಬಿಟ್ಟರು. ಆ ಜೋಡಿಗಳನ್ನು ನೋಡಿ. ಮೊದಲ ದಿನ ಸಾಲಗಾರರಿಬ್ಬರು. ಎರಡನೇ ದಿನ ‘ಆಟಾಪ್ಸಿ’, ‘ದಿ ಔಟ್‌ಸೈಡ್’, ಎರಡೂ ಮನುಷ್ಯನ ಮೈಯ ಕಥೆ. ಮೂರನೇ ದಿನ ಹಳೇ ಕಾಲದ ಅಮೆರಿಕನ್ ಭಯಕಥೆಗಾರ ಲವ್‌ಕ್ರಾಫ್ಟ್ ಅವರ ಕಥೆಗಳೆರಡು, ‘ಪಿಕ್‌ಮನ್ಸ್ ಮಾಡೆಲ್’, ‘ಡ್ರೀಮ್ಸ್ ಇನ್ ದಿ ವಿಚ್ ಹೌಸ್’. ಕೊನೇ ದಿನ ‘ದಿ ವ್ಯೂಯಿಂಗ್’, ‘ದಿ ಮರ್ಮರಿಂಗ್’. ಹಿಂದೆ ಟಾಕೀಸಿನಲ್ಲಿ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರಲ್ಲ, ಆ ಲೆಕ್ಕ. ಹಾಗಾಗಿ ಮೊದಲೆರಡು ಒಂದೇ ಥರ ಇರುವುದು ಬೇಕೆಂದೇ ಮಾಡಿದ್ದು ಅಂತ ನನಗೆ ಕಾಣುತ್ತದೆ.

ಮೂರನೇಮಹಡಿ:
ಬೇಕೆಂದೇ ಮಾಡಿರಲಿ, ಅಕಸ್ಮಾತ್ ಆಗಿರಲಿ, ನೋಡುವವರು ಎದ್ದುಹೋದರೆ ಏನು ಬಂತು? ಈಗ ಯಾರೂ ದಿನಕ್ಕೆ ಎರಡು ಅಂತ ಕಾಯುವುದಿಲ್ಲ. ಎಂಟೂ ಸಾಲಾಗಿ ಕೂತಿರುತ್ತವೆ.

ಆದರೆ ‘ಲಾಟ್ 36’ನ್ನು ‘ಸುರಂಗ, ಪ್ರಾಣಿ, ಮುಗೀತು’ ಅಂತ ತಳ್ಳಿಹಾಕುವುದು ಸರಿಯಲ್ಲ. ಟಿಮ್ ಬ್ಲೇಕ್ ನೆಲ್ಸನ್ ಮಾಡಿದ ಆ ನಿಕ್ ಪಾತ್ರ ನೋಡಿ. ಕಥೆ ನಡೆಯುವುದು ಕೊಲ್ಲಿ ಯುದ್ಧದ ಕಾಲದಲ್ಲಿ, ಟಿವಿಯಲ್ಲಿ ಅಧ್ಯಕ್ಷ ಬುಷ್ ಭಾಷಣ ಬರ್ತಿರುತ್ತೆ. ಇವನು ಮಾಜಿ ಸೈನಿಕ. ತನ್ನ ಕಷ್ಟಕ್ಕೆಲ್ಲ ಹೊರಗಿನಿಂದ ಬಂದವರೇ ಕಾರಣ ಅಂತ ನಂಬಿದ್ದಾನೆ. ಅಮೆಲಿಯಾ ಅನ್ನುವ ಹೆಂಗಸು ಬಂದು, ‘ಹರಾಜಿನಲ್ಲಿ ಹೋದದ್ದು ನನ್ನ ಸಾಮಾನು, ಮನೆಯ ಫೋಟೋ ಪತ್ರಗಳನ್ನಾದರೂ ಕೊಡಿ’ ಅಂತ ಬೇಡುತ್ತಾಳೆ. ಕೊಡುವುದಿಲ್ಲ. ಕೊನೆಗೆ ದೆವ್ವ ಅಟ್ಟಿಸಿಕೊಂಡು ಬರುವಾಗ ಬಾಗಿಲ ಆಚೆ ನಿಂತಿರುವವಳು ಅದೇ ಅಮೆಲಿಯಾ. ಅವಳು ಬೀಗ ತೆಗೆಯುವುದಿಲ್ಲ. ನನಗೆ ಆ ದೆವ್ವಕ್ಕಿಂತ ಆ ಬೀಗದ ಬಾಗಿಲೇ ಜಾಸ್ತಿ ನಡುಕ ಹುಟ್ಟಿಸಿತು.

ಇನ್ನೊಂದು: ನಿರ್ದೇಶಕ ಗಿಯೆರ್ಮೊ ನವಾರೊ ಮೂಲತಃ ಛಾಯಾಗ್ರಾಹಕ. ಡೆಲ್ ಟೋರೊ ಅವರದೇ ‘ಪ್ಯಾನ್ಸ್ ಲ್ಯಾಬಿರಿಂತ್’ ಸಿನಿಮಾಗೆ ಆಸ್ಕರ್ ಗೆದ್ದವರು. ಆ ಗೋದಾಮಿನ ಓಣಿಗಳಲ್ಲಿ ಬೆಳಕು ಹೋಗಿ ಬಂದು ಮಾಡುವುದನ್ನು ಗಮನಿಸಿ ನೋಡಿ.

ಕರಿಬೆಕ್ಕು:
‘ಗ್ರೇವ್‌ಯಾರ್ಡ್ ರ‍್ಯಾಟ್ಸ್’ ಪರ ಮಾತಾಡುವವರು ಯಾರೂ ಇಲ್ವಾ? ನಾನಿದ್ದೀನಿ.

ಹೆನ್ರಿ ಕಟ್ನರ್ 1936ರಲ್ಲಿ ಬರೆದ ಕಥೆ ಅದು. ಅಮೆರಿಕದ ಸೇಲಂ ಊರಿನ ಸ್ಮಶಾನ ಕಾಯುವ ಮ್ಯಾಸನ್, ಗೋರಿ ಅಗೆದು ಹೆಣಗಳ ಚಿನ್ನ ಕದಿಯುತ್ತಾನೆ. ಆದರೆ ಇವನು ಪೆಟ್ಟಿಗೆ ತೆರೆಯುವ ಮೊದಲೇ ಇಲಿಗಳು ಹೆಣವನ್ನು ಕೆಳಗಿನಿಂದ ಎಳೆದುಕೊಂಡು ಹೋಗಿರುತ್ತವೆ. ಇವನು ಆ ಬಿಲದೊಳಗೆ ತೆವಳಿಕೊಂಡು ಹೋಗುತ್ತಾನೆ. ಅಷ್ಟೇ ಕಥೆ. ನಿರ್ದೇಶಕ ವಿನ್ಸೆಂಜೊ ನತಾಲಿ. ‘ಕ್ಯೂಬ್’ ಸಿನಿಮಾ ಮಾಡಿದವರು, ಜನರನ್ನು ಚಿಕ್ಕ ಜಾಗದಲ್ಲಿ ಕೂಡಿಹಾಕುವುದು ಅವರಿಗೆ ಚೆನ್ನಾಗಿ ಗೊತ್ತು.

ಚಿಕ್ಕವನಿದ್ದಾಗ ನಮ್ಮೂರ ರಸ್ತೆ ಕೆಳಗಿನ ಮೋರಿ ಪೈಪಿನಲ್ಲಿ ಚೆಂಡು ಹುಡುಕಲು ಹೋಗಿ ಸಿಕ್ಕಿಹಾಕಿಕೊಂಡಿದ್ದೆ. ಮುಂದೆ ಹೋಗಲು ಆಗಲ್ಲ, ಹಿಂದೆ ಬರಲು ಮೊಣಕೈ ಬಿಡಲ್ಲ. ಚಿಕ್ಕಪ್ಪ ಬಂದು ಕಾಲು ಹಿಡಿದು ಎಳೆದರು. ಮ್ಯಾಸನ್ ತೆವಳುವಾಗ ಮಣ್ಣು ಅವನ ಬೆನ್ನಿಗೆ ತಾಗುತ್ತದಲ್ಲ, ಆಗ ನಾನು ಟಿವಿ ನಿಲ್ಲಿಸಿ ಬಾಲ್ಕನಿಗೆ ಹೋಗಿ ನಿಂತೆ. ನನ್ನನ್ನು ಹೆದರಿಸಿದ್ದು ಇದೇ.

ಸಂಜೆಮಳೆ:
ಕರಿಬೆಕ್ಕು, ಸುರಂಗದ ಭಾಗ ಒಪ್ಪಿದೆ. ಆದರೆ ಆ ಮೇಲೆ ಪೂಜಾಪೀಠ, ಎದ್ದು ಬರುವ ಹೆಣ ಎಲ್ಲ ಬೇಕಿತ್ತಾ? ಇಲಿ ಸಾಕಾಗಿತ್ತು ಅಲ್ವಾ?

ಕರಿಬೆಕ್ಕು:
ಹೆಣ ಬೇಡವಾಗಿತ್ತು ಅನ್ನುವುದನ್ನು ಒಪ್ಪಲ್ಲ. ಇಡೀ ಕಥೆಯಲ್ಲಿ ಸತ್ತವರ ವಸ್ತು ಎತ್ತಿಕೊಂಡವನಿಗೆ ಒಬ್ಬ ಸತ್ತವನಾದರೂ ‘ಅದು ನನ್ನದು’ ಅನ್ನಬೇಕು. ಅದಿಲ್ಲದಿದ್ದರೆ ಬರೀ ಇಲಿ ಕಾಟದ ಕಥೆ ಆಗುತ್ತೆ.

ನೀಲಿಛತ್ರಿ:
‘ಆಟಾಪ್ಸಿ’ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಇದನ್ನು ಸುಮ್ನೆ ‘ರಕ್ತ ಜಾಸ್ತಿ ಇರುವ ಎಪಿಸೋಡ್’ ಅಂತ ಹೇಳುವವರನ್ನು ನೋಡಿದ್ದೀನಿ.

ಗಣಿಯಲ್ಲಿ ಸ್ಫೋಟ ಆಗಿ ಕೆಲಸಗಾರರು ಸತ್ತಿದ್ದಾರೆ. ಊರಿನ ಶೆರಿಫ್, ಅಂದ್ರೆ ಪೊಲೀಸ್ ಮುಖ್ಯಸ್ಥ, ತನ್ನ ಹಳೇ ಗೆಳೆಯ ಡಾಕ್ಟರ್ ವಿಂಟರ್ಸ್‌ನನ್ನು ಹೆಣಗಳ ಪರೀಕ್ಷೆಗೆ ಕರೆಸುತ್ತಾನೆ. ಎಫ್. ಮರ್‍ರೆ ಏಬ್ರಹಾಂ ಆ ಡಾಕ್ಟರ್. ಅವನಿಗೆ ಕ್ಯಾನ್ಸರ್, ಜಾಸ್ತಿ ದಿನ ಇಲ್ಲ. ರಾತ್ರಿ ಒಬ್ಬನೇ ಕೂತು ಒಂದೊಂದೇ ಹೆಣ ಕೊಯ್ಯುತ್ತಾನೆ. ಕಂಡದ್ದನ್ನೆಲ್ಲ ಟೇಪ್ ರೆಕಾರ್ಡರ್‌ಗೆ ಹೇಳುತ್ತಾ ಹೋಗುತ್ತಾನೆ. ಅವನ ದನಿಯಲ್ಲಿ ಆ ಸತ್ತವರ ಬಗ್ಗೆ ಎಷ್ಟು ಗೌರವ ಇದೆ ನೋಡಿ. ಮುಟ್ಟುವ ಮೊದಲು ಅವರ ಜೊತೆ ಮಾತಾಡುತ್ತಾನೆ. ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ನಮ್ಮ ಹಿರಿಯರೊಬ್ಬರು ಹೀಗೇ ಇದ್ದರು.

ಆಮೇಲೆ ಒಂದು ಹೆಣ ಎದ್ದು ಕೂತು ಮಾತಾಡುತ್ತದೆ. ಒಳಗಿರುವುದು ಬೇರೆ ಲೋಕದ ಪರಾವಲಂಬಿ ಜೀವಿ. ಅದಕ್ಕೆ ಸ್ವಂತ ಕಣ್ಣಿಲ್ಲ, ಕಿವಿಯಿಲ್ಲ. ಹೊಕ್ಕ ಮೈಯ ಕಣ್ಣು ಕಿವಿಯನ್ನೇ ಬಳಸುತ್ತದೆ. ಮೈ ಬದಲಿಸುವ ಮುಂಚೆ ಅದು ಡಾಕ್ಟರ್‌ಗೆ ತನ್ನ ಬಗ್ಗೆ ಎಲ್ಲ ಹೇಳಿಕೊಳ್ಳುತ್ತದೆ, ಹೆಮ್ಮೆಯಿಂದ. ಅಲ್ಲೇ ಸೋಲುವುದು. ಡಾಕ್ಟರ್ ತನ್ನ ಕಣ್ಣು, ಕಿವಿ ತಾನೇ ಹಾಳುಮಾಡಿಕೊಳ್ಳುತ್ತಾನೆ. ಬಂದ ಪ್ರಾಣಿಗೆ ಸಿಕ್ಕಿದ್ದು ಕತ್ತಲೆ ತುಂಬಿದ, ಕ್ಯಾನ್ಸರ್ ತಿಂದ ಮೈ. ಟೇಪು ಮಾತ್ರ ಓಡುತ್ತಲೇ ಇತ್ತು, ಹಾಗಾಗಿ ನಿಜ ಶೆರಿಫ್‌ಗೆ ಮುಟ್ಟುತ್ತದೆ.

ಹೆದರಿಕೆ ಹುಟ್ಟಿಸಿದ್ದು ರಕ್ತ ಅಲ್ಲ. ಆ ಪ್ರಾಣಿ ಮಾತಾಡುವ ಸಮಾಧಾನದ ಧಾಟಿ. ಮನಸ್ಸಿನಲ್ಲಿ ಉಳಿದದ್ದು ಡಾಕ್ಟರ್‌ನ ಧೈರ್ಯ. ಸಾಯುವುದು ಗೊತ್ತಿರುವ ಮನುಷ್ಯ ತನ್ನ ಸಾವನ್ನೇ ಆಯುಧ ಮಾಡಿಕೊಂಡ.

ಗಿರ್ಮಿಟ್:
ಇದನ್ನೇ ನಾನು ಒಂದು ಸಾಲಿನಲ್ಲಿ ಹೇಳಿದ್ದು ಅಕ್ಕಾ. ಚೆನ್ನಾಗಿ ಬರೆದಿದ್ದೀರಿ.

ಓದುಗ_ಮೈಸೂರು:
ಮೂಲ ಕಥೆ ಮೈಕಲ್ ಶೇ ಅವರದು, 1980ರದ್ದು. ಚಿತ್ರಕಥೆ ಡೇವಿಡ್ ಗೋಯರ್. ಎಂಟರಲ್ಲಿ ಮೂಲಕ್ಕೆ ನಿಯತ್ತಾಗಿ ಉಳಿದು ಗೆದ್ದದ್ದು ಇದೊಂದೇ ಅಂತ ನನ್ನ ಅಭಿಪ್ರಾಯ. ಲವ್‌ಕ್ರಾಫ್ಟ್ ಕಥೆಗಳೆರಡನ್ನು ಮಾತ್ರ ಕೆಡಿಸಿಟ್ಟಿದ್ದಾರೆ. ಅದರ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ?

ಕಾಫಿಡಿಕಾಕ್ಷನ್:
ಡೆಲ್ ಟೋರೊ ನಿರ್ದೇಶನ ಮಾಡಿದ್ದು ಯಾವ ಎಪಿಸೋಡ್? ಅದನ್ನೇ ಮೊದಲು ನೋಡೋಣ ಅಂತ.

ಹಳೇಟೇಪು:
ಒಂದೂ ಇಲ್ಲ. ಅವರು ಸರಣಿ ಹುಟ್ಟುಹಾಕಿದವರು, ಪ್ರತಿ ಎಪಿಸೋಡಿಗೆ ಮುನ್ನುಡಿ ಹೇಳುವವರು. ‘ಲಾಟ್ 36’, ‘ದಿ ಮರ್ಮರಿಂಗ್’ ಎರಡೂ ಅವರ ಕಥೆ ಆಧರಿಸಿದವು. ನಿರ್ದೇಶನ ಬೇರೆಯವರದು.

ಟಿವಿಯಲ್ಲಿ ಇಂಥ ಮುನ್ನುಡಿಗೆ ದೊಡ್ಡ ಪರಂಪರೆಯೇ ಇದೆ. 1955ರಲ್ಲಿ ಹಿಚ್‌ಕಾಕ್ ತಮ್ಮ ಸರಣಿಯಲ್ಲಿ ಕ್ಯಾಮೆರಾ ಮುಂದೆ ಬಂದು ಮಾತಾಡಿದರು. 1959ರಲ್ಲಿ ಶುರುವಾದ ‘ಟ್ವಿಲೈಟ್ ಝೋನ್’ನಲ್ಲಿ ರಾಡ್ ಸರ್ಲಿಂಗ್. ಅದೇ ಸರ್ಲಿಂಗ್ ಎಪ್ಪತ್ತರ ದಶಕದ ‘ನೈಟ್ ಗ್ಯಾಲರಿ’ಯಲ್ಲಿ ಒಂದೊಂದು ಕಥೆಗೂ ಒಂದೊಂದು ಪೇಂಟಿಂಗ್ ತೋರಿಸುತ್ತಿದ್ದರು. 1989ರ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ಗೆ ಆ ಕೊಳೆತ ಮುಖದ ಬೊಂಬೆ ಬಂತು. ಡೆಲ್ ಟೋರೊ ಕಪಾಟು ತೆರೆದು ವಸ್ತು ತೋರಿಸುವುದು ಸರ್ಲಿಂಗ್ ಪೇಂಟಿಂಗ್ ತೋರಿಸಿದ ದಾರಿಯಲ್ಲೇ ಇದೆ.

ಮೂರನೇಮಹಡಿ:
ಆ ಗೊಂಬೆ ಇಡುವುದು ನನಗೆ ತುಂಬಾ ಹಿಡಿಸಿತು. ಸರಣಿಗೆ ಹೆಸರು ತನ್ನದು, ಆದರೂ ‘ಈ ಕಥೆ ಇವರದು’ ಅಂತ ನಿರ್ದೇಶಕರನ್ನು ಮುಂದೆ ಇಡುವುದು ದೊಡ್ಡ ಗುಣ.

ಬಯಲುಸೀಮೆ_ಹುಡುಗ:
ನಮ್ಮ ಕಾಲಕ್ಕೆ ಝೀ ಹಾರರ್ ಶೋ ಇತ್ತು. 1993ರಲ್ಲಿ ಶುರುವಾದದ್ದು, ರಾಮ್ಸೆ ಸಹೋದರರದು. ಆ ಶುರುವಿನ ಸಂಗೀತ ಕೇಳಿದರೆ ಮನೆಯಲ್ಲಿ ಯಾರೂ ಒಬ್ಬರೇ ಹಿತ್ತಲಿಗೆ ಹೋಗ್ತಿರಲಿಲ್ಲ.

ಗಿರ್ಮಿಟ್:
ಆಹಟ್ ಕೂಡ! ಅದು 1995, ಸೋನಿ.

ತುಳುನಾಡ_ತಂಗಾಳಿ:
ಕನ್ನಡದಲ್ಲೂ ಇತ್ತಲ್ಲ, ‘ಗುಡ್ಡದ ಭೂತ’. ಸದಾನಂದ ಸುವರ್ಣ ಅವರದು. ಪ್ರಕಾಶ್ ರೈ ಅದರಲ್ಲಿದ್ದರು. ಹಾಡು ಇವತ್ತಿಗೂ ನಮ್ಮಮ್ಮ ಗುನುಗುತ್ತಾರೆ.

ಹಳೇಟೇಪು:
‘ಗುಡ್ಡದ ಭೂತ’ ಒಳ್ಳೇ ಧಾರಾವಾಹಿ, ಆದರೆ ಇಲ್ಲಿ ಮಾತಾಡ್ತಿರುವ ಬಗೆಯದ್ದಲ್ಲ. ಅದು ಮೊದಲಿಂದ ಕೊನೆವರೆಗೆ ಒಂದೇ ಕಥೆ. ಝೀ ಹಾರರ್ ಶೋದಲ್ಲಿ ಕಥೆಗಳು ಬದಲಾಗುತ್ತಿದ್ದವು, ಆದರೆ ಒಂದೊಂದು ಕಥೆಯೂ ಹಲವು ವಾರ ಓಡುತ್ತಿತ್ತು. ಮುಂದಿನ ವಾರದವರೆಗೆ ಕಾಯುವುದರಲ್ಲೇ ಅರ್ಧ ಭಯ ಇತ್ತು. ‘ಕ್ಯಾಬಿನೆಟ್’ಗೆ ಆ ಸವಲತ್ತಿಲ್ಲ. ಒಂದು ಎಪಿಸೋಡ್ 40 ನಿಮಿಷದೊಳಗೆ, ಹೆಚ್ಚಿನವು ಒಂದು ಗಂಟೆಯ ಸುಮಾರು. ಅಷ್ಟರಲ್ಲಿ ಪಾತ್ರ ಪರಿಚಯ ಆಗಬೇಕು, ಭಯ ಬೆಳೆಯಬೇಕು, ಕೊನೆಯೂ ಆಗಬೇಕು.

ತುಳುನಾಡ_ತಂಗಾಳಿ:
ಒಂದೇ ಕಥೆಯಾದರೇನು ಮಾರಾಯ್ರೆ, ಹೆದರಿಕೆ ಹೆದರಿಕೆಯೇ. ಕನ್ನಡದಲ್ಲಿ ಬಿಡಿ ಬಿಡಿ ಭಯದ ಕಥೆಗಳ ಸರಣಿಯೊಂದು ಬರಲಿ ಅಂತ ನನ್ನ ಆಸೆ. ನಮ್ಮ ಹತ್ತಿರ ಕಥೆಗೆ ಬರವೇ?

ಓದುಗ_ಮೈಸೂರು:
ಆಸೆ ನನಗೂ ಇದೆ. ಈಗ ಲವ್‌ಕ್ರಾಫ್ಟ್‌ಗೆ ಬನ್ನಿ.

‘ಪಿಕ್‌ಮನ್ಸ್ ಮಾಡೆಲ್’ ಕಥೆ ಅಚ್ಚಾದದ್ದು 1927ರಲ್ಲಿ. ಇಡೀ ಕಥೆ ಒಬ್ಬ ಗೆಳೆಯನಿಗೆ ಹೇಳುವ ಮಾತು. ಪಿಕ್‌ಮನ್ ಅನ್ನುವ ಕಲಾವಿದ ಬಿಡಿಸುತ್ತಿದ್ದ ಭಯಂಕರ ಚಿತ್ರಗಳ ಬಗ್ಗೆ ಅವನು ಹೇಳುತ್ತಾ ಹೋಗುತ್ತಾನೆ. ನಾವು ಚಿತ್ರ ನೋಡುವುದಿಲ್ಲ, ಅವನ ನಡುಗುವ ದನಿ ಮಾತ್ರ ಕೇಳುತ್ತೇವೆ. ಕೊನೇ ಸಾಲಿನಲ್ಲಿ ಗೊತ್ತಾಗುತ್ತದೆ, ಪಿಕ್‌ಮನ್ ಕಲ್ಪಿಸಿ ಬಿಡಿಸುತ್ತಿರಲಿಲ್ಲ, ಎದುರಿಗಿದ್ದದ್ದರ ಫೋಟೋ ತೆಗೆದುಕೊಂಡು ಬಿಡಿಸುತ್ತಿದ್ದ ಅಂತ. ಅಲ್ಲಿಗೆ ಕಥೆ ನಿಲ್ಲುತ್ತದೆ. ಓದಿದವರ ಎದೆಯೂ ಒಂದು ಕ್ಷಣ ನಿಲ್ಲುತ್ತದೆ.

ಸರಣಿಯಲ್ಲಿ ಏನಾಗಿದೆ? ಚಿತ್ರಗಳನ್ನು ಪದೇ ಪದೇ ತೋರಿಸುತ್ತಾರೆ. ಎರಡನೇ ಸಲಕ್ಕೇ ಕಣ್ಣಿಗೆ ಒಗ್ಗಿಹೋಗುತ್ತದೆ. ಅದು ಸಾಲದು ಅಂತ ನಾಯಕನಿಗೆ ಹೆಂಡತಿ, ಮಗು ಕೊಟ್ಟು, ಕೊನೆಗೆ ಆ ಮಗುವನ್ನು ಒಲೆಗೆ ಹಾಕಿಸಿದ್ದಾರೆ. ನೋಡುಗರನ್ನು ಬೆಚ್ಚಿಬೀಳಿಸಲು ಮಗುವನ್ನು ಬಳಸುವುದು ಸುಲಭದ ದಾರಿ. ನನಗೆ ಸಿಟ್ಟು ಬಂತು.

ಬೆಳ್ಳಿಗೆಜ್ಜೆ:
ಆ ಕೊನೆ ನನಗೂ ಸಹಿಸಲು ಆಗಲಿಲ್ಲ. ಆದರೆ ಪಿಕ್‌ಮನ್ ಪಾತ್ರದ ಕ್ರಿಸ್ಪಿನ್ ಗ್ಲೋವರ್? ಅವರು ಬರೀ ಮಾತಾಡಿದರೂ ಕುರ್ಚಿಯಲ್ಲಿ ಹಿಂದೆ ಸರಿಯುವ ಹಾಗಾಗುತ್ತದೆ. ಅದನ್ನು ಬಿಟ್ಟು ಬರೆದರೆ ಅನ್ಯಾಯ.

ಓದುಗ_ಮೈಸೂರು:
ಗ್ಲೋವರ್ ವಿಷಯ ಒಪ್ಪಿದೆ ಮೇಡಂ. ಆದರೆ ‘ಡ್ರೀಮ್ಸ್ ಇನ್ ದಿ ವಿಚ್ ಹೌಸ್’ಗೆ ಏನು ಹೇಳ್ತೀರಿ? 1933ರ ಕಥೆ. ಮೂಲದ ಗಿಲ್‌ಮನ್ ಗಣಿತದ ವಿದ್ಯಾರ್ಥಿ. ಬಾಡಿಗೆ ಕೋಣೆಯ ಗೋಡೆಗಳು ವಿಚಿತ್ರ ಕೋನದಲ್ಲಿ ಸೇರುತ್ತವೆ. ಆ ಮೂಲೆಯಿಂದಲೇ ಮಾಟಗಾತಿ ಬೇರೆ ಲೋಕಕ್ಕೆ ದಾಟುತ್ತಿದ್ದಳು ಅಂತ ಅವನಿಗೆ ಹೊಳೆಯುತ್ತದೆ. ರೇಖಾಗಣಿತದಿಂದ ಹೆದರಿಸಿದ ಬೇರೆ ಕಥೆ ಎಲ್ಲಿದೆ? ಸರಣಿಯಲ್ಲಿ ಗಣಿತ ಪೂರ್ತಿ ಮಾಯ. ಸತ್ತುಹೋದ ಅವಳಿ ತಂಗಿಯನ್ನು ಹುಡುಕುವ ಅಣ್ಣನ ಕಥೆ ಮಾಡಿದ್ದಾರೆ.

ಗಿರ್ಮಿಟ್:
ಗಿಲ್‌ಮನ್ ಅಂದ್ರೆ ‘ಹ್ಯಾರಿ ಪಾಟರ್’ನ ನಮ್ಮ ರಾನ್ ವೀಸ್ಲಿ. ರೂಪರ್ಟ್ ಗ್ರಿಂಟ್ ಚೆನ್ನಾಗಿ ಮಾಡಿದ್ದಾನೆ.

ಸಂಜೆಮಳೆ:
ಓದುಗ ಸರ್, ನಾನು ಮೂಲ ಕಥೆ ಓದಿಲ್ಲ, ಹಾಗಾಗಿ ನೋಡಿದ್ದನ್ನಷ್ಟೇ ಹೇಳ್ತೀನಿ. ತಂಗಿಯನ್ನು ಕಳೆದುಕೊಂಡ ನೋವು ಗಣಿತಕ್ಕಿಂತ ಬೇಗ ತಟ್ಟುತ್ತದೆ. ಟಿವಿಯಲ್ಲಿ ಗೋಡೆಯ ಕೋನ ತೋರಿಸಿ ಎಷ್ಟು ಹೊತ್ತು ಹೆದರಿಸಬಹುದು?

ಓದುಗ_ಮೈಸೂರು:
ನೋವು ತಟ್ಟಲಿ, ಬೇಡ ಅನ್ನಲ್ಲ. ಆದರೆ ತಂಗಿ ಬೇಗ ಸಿಕ್ಕಿಬಿಡುತ್ತಾಳೆ. ಒಂದು ಔಷಧಿ ಕುಡಿದರೆ ಪ್ರೇತಗಳ ಕಾಡು, ಅಲ್ಲಿ ಅವಳು. ಹುಡುಕಾಟವೇ ಇಲ್ಲದ ಮೇಲೆ ನೋವು ಎಲ್ಲಿಂದ ಬೆಳೆಯಬೇಕು? ಮಾಟಗಾತಿಯಂತೂ ಬೆಳಕಿನಲ್ಲಿ ಪೂರ್ತಿ ಕಾಣುತ್ತಾಳೆ. ಭಯದ ಕಥೆಯಲ್ಲಿ ತೋರಿಸದೆ ಇಟ್ಟುಕೊಂಡದ್ದೇ ಆಸ್ತಿ.

ನೀಲಿಛತ್ರಿ:
ತೋರಿಸಬಾರದು ಅನ್ನುವುದು ಎಲ್ಲದಕ್ಕೂ ಹೊಂದಲ್ಲ ಸರ್. ‘ಆಟಾಪ್ಸಿ’ಯಲ್ಲಿ ಎಲ್ಲವನ್ನೂ ತೋರಿಸುತ್ತಾರೆ. ಹೆಣ ಕೊಯ್ಯುವುದನ್ನು ಹತ್ತಿರದಿಂದ ತೋರಿಸುತ್ತಾರೆ. ಆದರೂ ಗೆಲ್ಲುತ್ತದೆ. ಯಾಕಂದ್ರೆ ತೋರಿಸುವುದರ ಹಿಂದೆ ಒಬ್ಬ ಮನುಷ್ಯನ ಕೆಲಸ ಇದೆ. ಅವನು ಯಾಕೆ ಕೊಯ್ಯುತ್ತಿದ್ದಾನೆ ಅಂತ ನಮಗೆ ಗೊತ್ತು. ಲವ್‌ಕ್ರಾಫ್ಟ್ ಎಪಿಸೋಡ್‌ಗಳಲ್ಲಿ ಪ್ರಾಣಿ ಬಂದಾಗ ಅದರ ಎದುರಿಗಿರುವ ಮನುಷ್ಯ ಯಾರು ಅನ್ನುವುದೇ ನಮಗೆ ಅಷ್ಟಾಗಿ ಗೊತ್ತಿರುವುದಿಲ್ಲ. ತಪ್ಪು ಅಲ್ಲಿದೆ.

ಮೂರನೇಮಹಡಿ:
ಇದು ಸರಿಯಾದ ಮಾತು. ಅದೇ ಲೆಕ್ಕದಲ್ಲಿ ‘ಲಾಟ್ 36’ ಗೆಲ್ಲುತ್ತದೆ ಅಂತ ನಾನು ಹೇಳಿದ್ದು. ನಿಕ್ ಯಾರು ಅಂತ ನಮಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತು.

ಬೆಳ್ಳಿಗೆಜ್ಜೆ:
‘ದಿ ಔಟ್‌ಸೈಡ್’ ಬಗ್ಗೆ ಗಂಡಸರು ಯಾರೂ ಬಾಯಿ ಬಿಟ್ಟಿಲ್ಲ, ಹಾಗಾಗಿ ನಾನೇ ಬರೀತೀನಿ. ನನ್ನನ್ನು ಹೆದರಿಸಿದ್ದು ಇದೇ.

ಸ್ಟೇಸಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಸತ್ತ ಪ್ರಾಣಿಗಳ ಚರ್ಮಕ್ಕೆ ಹುಲ್ಲು ಹತ್ತಿ ತುಂಬಿ ಜೀವ ಇರುವ ಹಾಗೆ ನಿಲ್ಲಿಸುವುದು ಅವಳ ಹವ್ಯಾಸ. ಜೊತೆಯ ಹೆಂಗಸರೆಲ್ಲ ಚೆಂದ, ನಗುತ್ತಾ ಹರಟೆ ಹೊಡೆಯುವವರು. ಇವಳನ್ನು ಗುಂಪಿಗೆ ಸೇರಿಸಲ್ಲ. ಕ್ರಿಸ್‌ಮಸ್ ಪಾರ್ಟಿಗೆ ಕರೆದಾಗ ಎಲ್ಲರಿಗೂ ಒಂದೇ ಕ್ರೀಮ್ ಉಡುಗೊರೆ. ಹಚ್ಚಿದರೆ ಮೈ ಕೆಂಪಾಗಿ ಕೆರೆತ. ರಾತ್ರಿ ಟಿವಿ ಜಾಹೀರಾತಿನವನು ನೇರ ಇವಳ ಜೊತೆಗೇ ಮಾತಾಡುತ್ತಾನೆ, ‘ಇನ್ನೂ ಹಚ್ಚು, ಕೆರೆತ ಅಂದ್ರೆ ಕೆಲಸ ಮಾಡ್ತಿದೆ ಅಂತ’. ಮನೆಯಲ್ಲಿ ಗಂಡ ಒಳ್ಳೆಯವನು. ‘ನೀನು ಇರುವ ಹಾಗೇ ಚೆನ್ನಾಗಿದ್ದೀಯ’ ಅಂತಾನೆ. ಅವಳಿಗೆ ಆ ಮಾತು ಸಾಕಾಗಲ್ಲ.

ನಾನು ಪಿಯುಸಿಯಲ್ಲಿದ್ದಾಗ ಮನೆಗೆ ಬಂದ ಸಂಬಂಧಿಕರೊಬ್ಬರು ಬೆಳ್ಳಗಾಗುವ ಕ್ರೀಮ್ ಕೊಟ್ಟುಹೋಗಿದ್ದರು. ಹಚ್ಚಿದರೆ ಉರಿ. ‘ಉರಿದರೇನೇ ಬಣ್ಣ ಬಿಡೋದು’ ಅಂತ ಅವರೇ ಫೋನಿನಲ್ಲಿ ಹೇಳಿದ್ದರು. ಕೆನ್ನೆ ಮೇಲೆ ಗುಳ್ಳೆ ಎದ್ದ ಮೇಲೆ ಅಮ್ಮ ಅದನ್ನು ತಿಪ್ಪೆಗೆ ಎಸೆದರು. ಟಿವಿಯವನು ಅದೇ ಮಾತು ಹೇಳಿದಾಗ ನನ್ನ ಕೈ ತಾನಾಗಿಯೇ ಕೆನ್ನೆ ಮುಟ್ಟಿಕೊಂಡಿತು.

ಕೊನೆಯಲ್ಲಿ ಅವಳಿಗೆ ಬೇಕಾದ ರೂಪ ಸಿಗುತ್ತದೆ. ಅದಕ್ಕೆ ಅವಳು ಕೊಟ್ಟ ಬೆಲೆ ಆ ಒಳ್ಳೇ ಗಂಡ. ಅವನನ್ನೂ ತುಂಬಿ ಕೂರಿಸುತ್ತಾಳೆ. ಆಮೇಲೆ ಬ್ಯಾಂಕಿನಲ್ಲಿ ಎಲ್ಲರ ನಡುವೆ ಕೂತು ನಗುತ್ತಾಳೆ. ಕ್ಯಾಮೆರಾ ಅವಳ ಮುಖ ಬಿಟ್ಟು ಕದಲಲ್ಲ. ನಗು ನಿಲ್ಲಲ್ಲ.

ಕರಿಬೆಕ್ಕು:
ಆ ಜಾಹೀರಾತಿನವನು ಡ್ಯಾನ್ ಸ್ಟೀವನ್ಸ್. ಉದ್ದ ಕೂದಲು, ಆ ಮಾತಿನ ಧಾಟಿ, ಗುರುತೇ ಸಿಗಲ್ಲ.

ನನ್ನ ತಕರಾರು: ಸ್ವಲ್ಪ ಎಳೆದಿದ್ದಾರೆ. ಹತ್ತು ನಿಮಿಷ ಕಡಿಮೆ ಮಾಡಿದ್ದರೆ ಚೆನ್ನಾಗಿತ್ತು.

ಬೆಳ್ಳಿಗೆಜ್ಜೆ:
ಆ ಎಳೆತವೇ ಕಥೆ. ಕನ್ನಡಿ ಮುಂದೆ ದಿನಾ ನಿಂತವರಿಗೆ ಗೊತ್ತು, ಅದು ಹತ್ತು ನಿಮಿಷದಲ್ಲಿ ಮುಗಿಯುವ ಹಿಂಸೆ ಅಲ್ಲ.

ಟೊರೊಂಟೊ_ಕನ್ನಡಿಗ:
ಈ ಸರಣಿ ಶೂಟ್ ಆದದ್ದು ನಮ್ಮ ಟೊರೊಂಟೊ ಕಡೆಯೇ. ನಿರ್ಮಾಣ ವಿನ್ಯಾಸ ತಮಾರಾ ಡೆವರೆಲ್ ಅವರದು. ಒಬ್ಬರೇ ಇಷ್ಟು ಬೇರೆ ಬೇರೆ ಲೋಕ ಕಟ್ಟಿದ್ದಾರೆ ಅಂದ್ರೆ ನಂಬಲು ಕಷ್ಟ. ‘ಪಿಕ್‌ಮನ್’ನ 1909ರ ಆರ್ಕಂ ಊರು, ‘ಮರ್ಮರಿಂಗ್’ನ 1951ರ ದ್ವೀಪದ ಮನೆ, 1979ರ ‘ದಿ ವ್ಯೂಯಿಂಗ್’ನ ಆ ಬಂಗಲೆ.

‘ದಿ ವ್ಯೂಯಿಂಗ್’ ಬಗ್ಗೆ ಇನ್ನೂ ಯಾರೂ ಬಿಡಿಸಿ ಬರೆದಿಲ್ಲ, ನನಗೆ ಅದೇ ಎಲ್ಲಕ್ಕಿಂತ ಮೇಲು. ದೊಡ್ಡ ಶ್ರೀಮಂತನೊಬ್ಬ ನಾಲ್ಕು ಜನರನ್ನು ಮನೆಗೆ ಕರೆಸುತ್ತಾನೆ: ಸಂಗೀತ ನಿರ್ಮಾಪಕ, ಕಾದಂಬರಿಕಾರ, ವಿಜ್ಞಾನಿ, ಅತೀಂದ್ರಿಯ ಶಕ್ತಿಯವನು. ಕುಡಿಸುತ್ತಾನೆ, ಸೇದಿಸುತ್ತಾನೆ, ಮಾತಾಡಿಸುತ್ತಾನೆ. ಬಹುಪಾಲು ಬರೀ ಮಾತು. ಆಮೇಲೆ ಒಂದು ಕೋಣೆಗೆ ಕರೆದುಕೊಂಡು ಹೋಗಿ ಆಕಾಶದಿಂದ ಬಿದ್ದ ಕಲ್ಲು ತೋರಿಸುತ್ತಾನೆ. ನಿರ್ದೇಶಕ ಪಾನೋಸ್ ಕೊಸ್ಮಾಟೋಸ್, ಸಂಗೀತ ಡ್ಯಾನಿಯಲ್ ಲೋಪಾಟಿನ್. ಹೆಡ್‌ಫೋನ್ ಹಾಕಿಕೊಂಡು ಕತ್ತಲೆ ಕೋಣೆಯಲ್ಲಿ ನೋಡಿ.

ಗಿರ್ಮಿಟ್:
ಅರ್ಧ ಗಂಟೆ ಬರೀ ಮಾತು ಕೇಳಿ ನಾನು ಎದ್ದು ಚಹಾ ಮಾಡಿಕೊಂಡು ಬಂದೆ. ವಾಪಸ್ ಬಂದರೂ ಅದೇ ಸೋಫಾ, ಅದೇ ಮಾತು. ಕ್ಷಮಿಸಿ ಅಣ್ಣ, ಇದು ನನಗೆ ಒಗ್ಗಲಿಲ್ಲ.

ಟೊರೊಂಟೊ_ಕನ್ನಡಿಗ:
ಆ ಮಾತಿನಲ್ಲೇ ಇದೆ ವಿಷಯ. ಇಂಥ ಬುದ್ಧಿವಂತರು, ಇಷ್ಟು ಹೊತ್ತು, ಇಷ್ಟು ಮುಖಸ್ತುತಿ. ಯಾಕೆ ಕರೆಸಿದ್ದಾನೆ ಅಂತ ಒಬ್ಬರಿಗೂ ಗೊತ್ತಿಲ್ಲ. ಆ ಶ್ರೀಮಂತನ ಪಾತ್ರದ ಪೀಟರ್ ವೆಲ್ಲರ್ ಅಷ್ಟು ಮೆಲ್ಲಗೆ, ಅಷ್ಟು ಸಭ್ಯವಾಗಿ ಮಾತಾಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗಿತ್ತು. ಕಲ್ಲು ತೆರೆದುಕೊಳ್ಳುವ ಹೊತ್ತಿಗೆ ತಡೆಯಲು ಆಗದ ಸ್ಥಿತಿ.

ಓದುಗ_ಮೈಸೂರು:
ನೋಡಿ, ಲವ್‌ಕ್ರಾಫ್ಟ್ ಹೆಸರಿಲ್ಲದ ಈ ಎಪಿಸೋಡಿನಲ್ಲೇ ಲವ್‌ಕ್ರಾಫ್ಟ್ ಇದ್ದಾರೆ. ಮನುಷ್ಯರ ಬುದ್ಧಿಗೆ ನಿಲುಕದ್ದು ಬಂತು, ಬಂದದ್ದಕ್ಕೆ ಇವರು ಯಾರು ಅಂತಲೂ ಬೇಕಿಲ್ಲ. ಅವರ ಹೆಸರು ಹಾಕಿದ ಎರಡರಲ್ಲಿ ಇದು ಸಿಗಲ್ಲ.

ಹಕ್ಕಿನೋಟ:
ನಾನು ಹಾರರ್ ನೋಡುವವನೇ ಅಲ್ಲ. ಹಕ್ಕಿ ಇದೆ ಅಂತ ಕೇಳಿ ‘ದಿ ಮರ್ಮರಿಂಗ್’ ಒಂದೇ ನೋಡಿದ್ದು.

ನ್ಯಾನ್ಸಿ, ಎಡ್ಗರ್ ಪಕ್ಷಿ ತಜ್ಞ ದಂಪತಿ. ಡನ್ಲಿನ್ ಅನ್ನುವ ಪುಟ್ಟ ಕಡಲತೀರದ ಹಕ್ಕಿಗಳು ಸಾವಿರ ಸಂಖ್ಯೆಯಲ್ಲಿ ಒಟ್ಟಿಗೆ ಹಾರಿ, ಒಂದೇ ಮೈಯ ಹಾಗೆ ತಿರುಗುತ್ತವೆ. ಅದನ್ನು ಅಧ್ಯಯನ ಮಾಡಲು ಒಂಟಿ ಮನೆಯಲ್ಲಿ ಉಳಿಯುತ್ತಾರೆ. ಅವರ ಮಗು ತೀರಿಕೊಂಡಿದೆ. ನ್ಯಾನ್ಸಿ ಅದರ ಬಗ್ಗೆ ಮಾತೇ ಆಡುವುದಿಲ್ಲ. ಹಕ್ಕಿಗಳ ದನಿ ರೆಕಾರ್ಡ್ ಮಾಡುತ್ತಾ ಕೂತವಳಿಗೆ ಮಗುವಿನ ಅಳು ಕೇಳುತ್ತದೆ.

ಆ ಕೆಲಸ ಮಾಡಿದವರಿಗೆ ಗೊತ್ತು, ರೆಕಾರ್ಡಿಂಗ್ ಕೇಳುವಾಗ ಬೇಡದ ಸದ್ದುಗಳೆಲ್ಲ ಬರುತ್ತವೆ. ನಾಯಿ, ದೂರದ ಪಂಪ್‌ಸೆಟ್, ಯಾರೋ ಕೂಗುವುದು. ಯಾವುದೂ ಎಲ್ಲಿಂದ ಬಂತು ಅಂತ ಹೇಳಲಾಗದು. ಅದನ್ನೇ ಹಿಡಿದು ಕಥೆ ಮಾಡಿದ್ದಾರೆ, ಬಹಳ ಚೆನ್ನಾಗಿ.

ಬಯಲುಸೀಮೆ_ಹುಡುಗ:
ಸರ್, ಇಂಥ ಹಾರಾಟ ನಮ್ಮ ಕಡೆಯೂ ಚಳಿಗಾಲದಲ್ಲಿ ಕಾಣುತ್ತೆ. ಜೋಳದ ಹೊಲದ ಮೇಲೆ. ಅದೇ ಹಕ್ಕಿನಾ?

ಹಕ್ಕಿನೋಟ:
ಅದು ಬೇರೆ. ಹೊಲದ ಮೇಲೆ ಕಾಣುವುದು ಗುಲಾಬಿ ಕಬ್ಬಕ್ಕಿ. ಮಧ್ಯ ಏಷ್ಯಾ ಕಡೆಯಿಂದ ಬರುತ್ತವೆ, ಬೇಸಿಗೆ ಶುರುವಾಗುತ್ತಲೇ ವಾಪಸ್. ಸಂಜೆ ತಂಗಲು ಇಳಿಯುವ ಮುಂಚೆ ಹಾರುವುದನ್ನು ನೋಡಬೇಕು. ರೈತರಿಗೆ ತೆನೆ ತಿನ್ನುತ್ತವೆ ಅಂತ ಸಿಟ್ಟಿದೆ, ಆದರೆ ಮಿಡತೆಗಳನ್ನೂ ಅಷ್ಟೇ ತಿನ್ನುತ್ತವೆ.

ಬಯಲುಸೀಮೆ_ಹುಡುಗ:
ನಮ್ಮಜ್ಜ ಡಬ್ಬ ಬಡಿದು ಓಡಿಸ್ತಿದ್ರು. ಈ ಸಲ ಊರಿಗೆ ಹೋದಾಗ ವಿಡಿಯೋ ಮಾಡಿ ಹಾಕ್ತೀನಿ.

ನೀಲಿಛತ್ರಿ:
ಹಕ್ಕಿನೋಟ ಅವರು ರೆಕಾರ್ಡಿಂಗ್ ಅಂದಾಗ ಹೊಳೆಯಿತು. ‘ಆಟಾಪ್ಸಿ’ಯಲ್ಲೂ ಟೇಪ್ ರೆಕಾರ್ಡರ್, ‘ಮರ್ಮರಿಂಗ್’ನಲ್ಲೂ ಟೇಪ್ ರೆಕಾರ್ಡರ್. ಎರಡರಲ್ಲೂ ಒಬ್ಬ ತಜ್ಞ ಮನುಷ್ಯ ತನ್ನ ಕೆಲಸದ ಶಿಸ್ತನ್ನು ಹಿಡಿದುಕೊಂಡು ನೋವನ್ನು ಪಕ್ಕಕ್ಕಿಟ್ಟಿದ್ದಾನೆ. ಅವನಿಗೆ ತನ್ನ ಸಾವು, ಇವಳಿಗೆ ಮಗುವಿನ ಸಾವು. ಈ ಸರಣಿಯ ಎರಡು ಒಳ್ಳೇ ಎಪಿಸೋಡ್‌ಗಳು ಇವೇ ಆಗಿರುವುದು ಕಾಕತಾಳೀಯ ಅನ್ನಿಸಲ್ಲ ನನಗೆ.

ಸಂಜೆಮಳೆ:
ಇದು ನನಗೆ ಹೊಳೆದಿರಲೇ ಇಲ್ಲ ಅಕ್ಕ. ‘ಮರ್ಮರಿಂಗ್’ ನಿರ್ದೇಶಕಿ ಜೆನಿಫರ್ ಕೆಂಟ್, ನಟಿ ಎಸ್ಸಿ ಡೇವಿಸ್, ಇಬ್ಬರೂ 2014ರ ‘ಬಾಬಡೂಕ್’ ಸಿನಿಮಾದಲ್ಲಿ ಒಟ್ಟಿಗೆ ಕೆಲಸ ಮಾಡಿದವರು. ಅಲ್ಲೂ ದುಃಖ ನುಂಗಿಕೊಂಡ ತಾಯಿಯೇ. ನ್ಯಾನ್ಸಿ ಕೊನೆಗೆ ಗಂಡನ ಹತ್ತಿರ ಮಗಳ ಬಗ್ಗೆ ಮಾತಾಡಲು ಬಾಯಿ ತೆರೆಯುತ್ತಾಳಲ್ಲ, ನಾನು ಅತ್ತದ್ದು ಅಲ್ಲಿ.

ಗಿರ್ಮಿಟ್:
ಆದರೆ ಅದು ಹೆದರಿಸುತ್ತಾ? ನಿಜ ಹೇಳಿ.

ಸಂಜೆಮಳೆ:
ರಾತ್ರಿ ಮಹಡಿ ಮೇಲಿನ ದೃಶ್ಯಗಳಲ್ಲಿ ಹೆದರಿದೆ. ಆದರೆ ಜಾಸ್ತಿ ಹೆದರಿದ್ದು ಗಂಡ ಹೆಂಡತಿ ಊಟದ ಮೇಜಿನಲ್ಲಿ ಮಾತಿಲ್ಲದೆ ಕೂತಾಗ.

ಹಳೇಟೇಪು:
ಸರಿ, ಕ್ರಮಕ್ಕೆ ಬರೋಣ. ಹೊಸಬರಿಗೆ ನನ್ನ ಸಲಹೆ: ಮೊದಲು ‘ಲಾಟ್ 36’, ಆಮೇಲೆ ನೇರ ‘ಆಟಾಪ್ಸಿ’. ‘ರ‍್ಯಾಟ್ಸ್’ ನಡುವೆ ಎಲ್ಲಾದರೂ, ಸಾಲಗಾರರಿಬ್ಬರ ನಡುವೆ ಎರಡು ಮೂರು ಕಥೆಯ ಅಂತರ ಇರಲಿ. ‘ಔಟ್‌ಸೈಡ್’, ‘ವ್ಯೂಯಿಂಗ್’ ಬೇರೆ ಬೇರೆ ದಿನ. ಕೊನೆಗೆ ‘ಮರ್ಮರಿಂಗ್’.

ಓದುಗ_ಮೈಸೂರು:
ಲವ್‌ಕ್ರಾಫ್ಟ್ ಎರಡನ್ನೂ ಪಟ್ಟಿಯಿಂದಲೇ ಬಿಟ್ಟಿದ್ದೀರಿ. ಒಳ್ಳೆಯದು.

ಬೆಳ್ಳಿಗೆಜ್ಜೆ:
‘ಪಿಕ್‌ಮನ್’ ಬಿಡಬೇಡಿ, ಗ್ಲೋವರ್‌ಗಾಗಿ ನೋಡಲಿ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಮಾತ್ರ ಕೊನೆ ಹೇಗಿದೆ ಅಂತ ಮೊದಲೇ ಹೇಳಿಬಿಡಿ.

ಟೊರೊಂಟೊ_ಕನ್ನಡಿಗ:
ಕೊನೆಗೆ ‘ಮರ್ಮರಿಂಗ್’ ಯಾಕೆ? ಅದರ ಕೊನೆ ಸಮಾಧಾನದ್ದು. ಭಯದ ಸರಣಿ ನೋಡಿ ಮುಗಿಸಿದವರು ಸಮಾಧಾನದಿಂದ ಮಲಗಬಾರದು. ‘ವ್ಯೂಯಿಂಗ್’ ಕೊನೆಗಿಡಿ.

ಕರಿಬೆಕ್ಕು:
ನಾನು ಟೊರೊಂಟೊ ಅಣ್ಣನ ಕಡೆ.

ನೀಲಿಛತ್ರಿ:
ನಾನು ಹಳೇಟೇಪು ಅವರ ಕಡೆ. ಮೊದಲ ಏಳು ಕಥೆಗಳ ಜನರಲ್ಲಿ ನೆಮ್ಮದಿಯಾಗಿ ಉಳಿದವರು ಒಬ್ಬರೂ ಇಲ್ಲ. ಎಂಟನೆಯದರಲ್ಲಿ ಒಬ್ಬಳಾದರೂ ಉಳಿಯಲಿ ಬಿಡಿ.

ಸಂಜೆಮಳೆ:
ಶನಿವಾರ ಗೆಳತಿಯರನ್ನು ಮತ್ತೆ ಕೂರಿಸ್ತೀನಿ. ‘ಲಾಟ್ 36’ ಅವರು ನೋಡಿಯಾಗಿದೆ, ಹಾಗಾಗಿ ಶುರು ‘ಆಟಾಪ್ಸಿ’ಯಿಂದ, ಮರುದಿನ ‘ಔಟ್‌ಸೈಡ್’. ‘ವ್ಯೂಯಿಂಗ್’ ಅವರಲ್ಲಿ ಯಾರಿಗೆ ಹಿಡಿಸುತ್ತೆ ಅಂತ ನನಗೆ ಈಗಲೇ ಕುತೂಹಲ. ಏನಂದರು ಅಂತ ಇಲ್ಲೇ ಬರೀತೀನಿ.

ಗಿರ್ಮಿಟ್:
‘ವ್ಯೂಯಿಂಗ್’ಗೆ ಮುಂಚೆ ಚಹಾ ಮಾಡಿ ಇಟ್ಟುಕೊಳ್ಳಿ.

ಟೊರೊಂಟೊ_ಕನ್ನಡಿಗ:
ಚಹಾ ಮಾಡಿಕೊಳ್ಳಲಿ, ಆದರೆ ಮಾತಿನ ಭಾಗ ಓಡಿಸಿ ನೋಡಬೇಡಿ ಅಂತ ಅವರಿಗೆ ಹೇಳಿ. ಅದೊಂದನ್ನು ಕೇಳಿಕೊಳ್ತೀನಿ.